ಎಂಟನೆಯ ಕುರ್ಚಿಗೆ ಅಕ್ಕನನ್ನು ಕರೆದದ್ದು

ಅಂದು ಅಕ್ಕ ನಿಜವಾಗಿ ಏನು ಹೇಳಿದಳು ಎಂಬುದು ನನಗೆ ಗೊತ್ತಿಲ್ಲ. ಒಂಬತ್ತು ವರ್ಷ ಗೊತ್ತಿದೆ ಎಂದುಕೊಂಡಿದ್ದೆ. ಅವಳ ಮಾತು, ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡದ್ದು, ಹೇಳಿ ಮುಗಿಸಿದ ಮೇಲೆ ಉಳಿದ ಹೆಂಗಸರು ತಲೆ ತಗ್ಗಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇತ್ತು. ಈಗ ಕೂತು ಯೋಚಿಸಿದರೆ ಅವಳು ಅಂದು ಸೀರೆ ಉಟ್ಟಿದ್ದಳೋ ಚೂಡಿದಾರ ಹಾಕಿದ್ದಳೋ ಅದೇ ನೆನಪಿಲ್ಲ. ಚೂಡಿದಾರ ಹಾಕಿದ್ದರೆ ಸೆರಗು ಎಲ್ಲಿಂದ ಬಂತು?

ನಾನು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದವನು. ಮನುಷ್ಯ ನೆನಪು ಮಾಡಿಕೊಳ್ಳುವಾಗೆಲ್ಲ ಅದನ್ನು ಸ್ವಲ್ಪ ತಿದ್ದುತ್ತಾನೆ ಎಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಆ ವಿದ್ಯೆ ಬೇರೆಯವರ ನೆನಪನ್ನು ಅನುಮಾನಿಸುವುದಕ್ಕೆ ಬೇಕಾದಷ್ಟು ಉಪಯೋಗಕ್ಕೆ ಬಂತು. ನನ್ನ ನೆನಪಿನ ಮೇಲೆ ನನಗೇ ಅನುಮಾನ ಹುಟ್ಟುವ ಹೊತ್ತಿಗೆ ಅಕ್ಕನ ಒಂದು ಕಿಡ್ನಿ ಅರ್ಧ ಕೆಟ್ಟಿತ್ತು.

ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋದ ಮರುವರ್ಷ ಇರಬೇಕು. ನನಗೆ ಆರ್.ಟಿ. ನಗರದಲ್ಲಿ ಒಂದು ಕೆಲಸ ಸಿಕ್ಕಿತ್ತು. ಬೇಕರಿಯ ಮೇಲಿನ ಮಹಡಿ, ಮೂರು ಕೋಣೆ, ಮಧ್ಯಾಹ್ನವಾದರೆ ಕೆಳಗಿನಿಂದ ಬನ್ನಿನ ವಾಸನೆ. ಜಾಹೀರಾತು ಮಾಡುವ ಕಂಪನಿಗಳು ಜಾಹೀರಾತು ಬರೆಯುವ ಮೊದಲು ನಮ್ಮ ಹತ್ತಿರ ಬರುತ್ತಿದ್ದವು. ಜನರ ಮನಸ್ಸಿನಲ್ಲಿ ಏನಿದೆ ಎಂದು ಪತ್ತೆ ಮಾಡಿಕೊಡುವುದು ನಮ್ಮ ಕೆಲಸ. ಏಳೆಂಟು ಜನರನ್ನು ಒಂದು ಮನೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಒಂದೂವರೆ ಗಂಟೆ ಮಾತಾಡಿಸಬೇಕು. ಗ್ರೂಪ್ ಎನ್ನುತ್ತಿದ್ದೆವು. ಕನ್ನಡದ ಗ್ರೂಪುಗಳನ್ನೆಲ್ಲ ನಾನೇ ನಡೆಸುತ್ತಿದ್ದೆ.

ಆ ಸಲದ ಸಾಮಾನು ನೀರು ಶುದ್ಧ ಮಾಡುವ ಯಂತ್ರ. ಆಗ ನಮ್ಮ ಕಡೆ ಅದು ಇನ್ನೂ ಎಲ್ಲರ ಮನೆಯಲ್ಲಿರಲಿಲ್ಲ. ನೀರನ್ನು ಕುದಿಸುತ್ತಿದ್ದರು, ಬಟ್ಟೆಯಲ್ಲಿ ಶೋಧಿಸುತ್ತಿದ್ದರು, ಕೈಲಾದವರು ದುಡ್ಡು ಕೊಟ್ಟು ನೀರಿನ ಕ್ಯಾನ್ ತರಿಸುತ್ತಿದ್ದರು. ಗೋಡೆಗೆ ನೇತುಹಾಕುವ ಯಂತ್ರ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ಕೇಳುವಂತೆ ಮಾಡಬೇಕಾಗಿತ್ತು.

ನಮ್ಮ ಬಾಸ್ ಮೇಜಿನ ಮೇಲೆ ಕಾಲು ಚಾಚಿ ಪಾಠ ಮಾಡುತ್ತಿದ್ದರು. "ಗುರು, ಬಾಯಾರಿಕೆಗೆ ಯಾರೂ ಮಿಷನ್ ತಗೊಳಲ್ಲ. ಬಾಯಾರಿದ್ರೆ ನೀರು ಕುಡೀತಾರೆ, ಮುಗೀತು. ನಾಚಿಕೆ ಇದ್ಯಲ್ಲ, ಅದಕ್ಕೆ ತಗೊಳ್ತಾರೆ. ಆ ನಾಚಿಕೆ ಅವ್ರ ಅಡುಗೆಮನೇಲಿ ಎಲ್ಲಿದೆ, ಹುಡುಕ್ಕೊಂಡ್ ಬಾ."

"ಭಯ ಹಾಕಿದ್ರೆ ಸಾಲದಾ ಸರ್?"

"ಬರೀ ಭಯ ಹಾಕಿದ್ರೆ ಚಾನೆಲ್ ಬದ್ಲಾಯಿಸ್ತಾರೆ. ಭಯ ಹಾಕಿ, ಪಕ್ಕದಲ್ಲೇ ಬಾಗ್ಲು ತೆಗ್ದಿಡ್ಬೇಕು. ಆ ಬಾಗ್ಲೇ ನಮ್ ಮಿಷನ್. ಎಂ.ಎ. ಓದಿದ್ದೀಯಲ್ಲಪ್ಪ, ಇದೆಲ್ಲ ಹೇಳ್ಕೊಡಲ್ವಾ ಅಲ್ಲಿ?"

ಹೇಳಿಕೊಟ್ಟಿದ್ದರು. ಹೆಸರು ಬೇರೆ ಇಟ್ಟು ಹೇಳಿಕೊಟ್ಟಿದ್ದರು, ಅಷ್ಟೆ. ನಾಚಿಕೆ ಎಲ್ಲಿದೆ ಎಂದು ನೇರವಾಗಿ ಕೇಳಿದರೆ ಯಾರೂ ಹೇಳುವುದಿಲ್ಲ. ನೀವು ಯಾವ ನೀರು ಕುಡಿಯುತ್ತೀರಿ ಎಂದರೆ ಎಲ್ಲರೂ ಕಾಯಿಸಿ ಆರಿಸಿದ ನೀರು ಎನ್ನುತ್ತಾರೆ. ಅದಕ್ಕೆ ಓರೆಯಾಗಿ ಕೇಳಬೇಕು. ನಾನು ಎರಡು ದಿನ ತಲೆ ಕೆಡಿಸಿಕೊಂಡು ಒಂದು ಪ್ರಶ್ನೆ ಮಾಡಿದೆ. ಮನೆಗೆ ಇದ್ದಕ್ಕಿದ್ದ ಹಾಗೆ ನೆಂಟರು ಬಂದರು, ಗೇಟಿನ ಸದ್ದಾಯಿತು. ಅವರು ಒಳಗೆ ಬರುವಷ್ಟರಲ್ಲಿ ನೀವು ಅಡುಗೆಮನೆಯಲ್ಲಿ ಏನನ್ನು ಬಚ್ಚಿಡುತ್ತೀರಿ? ಬಾಸ್ ಅದನ್ನು ಕೇಳಿ ಕಾಲು ಕೆಳಗಿಳಿಸಿದರು. ಆ ಖುಷಿ ನನಗೆ ಇನ್ನೂ ನೆನಪಿದೆ. ಇದು ಮಾತ್ರ ಸುಳ್ಳು ನೆನಪಲ್ಲ ಎನಿಸುತ್ತದೆ, ಏಕೆಂದರೆ ಇದನ್ನು ನೆನೆಯುವಾಗ ಈಗ ಖುಷಿಯಾಗುವುದಿಲ್ಲ.

ಗ್ರೂಪು ಜಾಲಹಳ್ಳಿಯಲ್ಲಿ, ಒಂದು ಬಾಡಿಗೆ ಮನೆಯ ಹಾಲಿನಲ್ಲಿ. ಹೆಂಗಸರನ್ನು ಸೇರಿಸಿಕೊಡಲು ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದ ಒಬ್ಬರು ಇದ್ದರು, ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು. ಬಂದವರಿಗೆ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸುವ ಪದ್ಧತಿ. ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು: ಬರುವವರಿಗೆ ನಮ್ಮ ಪರಿಚಯ ಇರಕೂಡದು. ಪರಿಚಯವಿದ್ದರೆ ನಮ್ಮನ್ನು ಮೆಚ್ಚಿಸಲು ಮಾತಾಡುತ್ತಾರೆ ಎಂದು ಲೆಕ್ಕ.

ಅಂದು ಎಂಟು ಕುರ್ಚಿ ಹಾಕಿದ್ದೆವು, ಏಳು ಜನ ಬಂದಿದ್ದರು. ಪಕ್ಕದ ರೂಮಿನಲ್ಲಿ ಬಾಸ್ ಜೊತೆ ಯಂತ್ರದ ಕಂಪನಿಯ ಮನುಷ್ಯ ಬಂದು ಕೂತಿದ್ದ. ಹಾಲಿನಲ್ಲಿಟ್ಟ ಕ್ಯಾಮೆರಾದಿಂದ ಅಲ್ಲಿನ ಟಿವಿಗೆ ಚಿತ್ರ ಹೋಗುತ್ತಿತ್ತು. ಎಂಟು ಜನ ಎಂದು ಒಪ್ಪಿಕೊಂಡಿದ್ದೆವು, ಏಳಾದರೆ ಅವನು ತಕರಾರು ಮಾಡುತ್ತಿದ್ದ. ಆಂಟಿ ಮೊಬೈಲ್ ಹಿಡಿದು ಬಾಲ್ಕನಿಯಲ್ಲಿ ಓಡಾಡಿದರು.

"ಅವಳು ಬರಲ್ಲಂತಪ್ಪ, ಗಂಡ ಬೇಡ ಅಂದ್ನಂತೆ. ಈಗ ಯಾರನ್ನ ಹಿಡ್ಕೊಂಡ್ ಬರ್ಲಿ ನಾನು? ನಿಮ್ ಕಡೆ ಯಾರಾದ್ರೂ ಇದ್ರೆ ಕರಿ, ಯಾರ್ ಬಂದ್ ಕೇಳ್ತಾರೆ?"

ನನ್ನ ಅಕ್ಕನ ಮನೆ ಶೆಟ್ಟಿಹಳ್ಳಿಯಲ್ಲಿ. ಆಟೋದಲ್ಲಿ ಹತ್ತು ನಿಮಿಷ. ಭಾವ ಊರಿನ ಹಳೆಯ ಮನೆತನದವರು, ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ಒಬ್ಬಳೇ ಮಗಳು, ಆಗ ಎರಡನೆಯ ಕ್ಲಾಸು. ನಾನು ಅಕ್ಕನಿಗೆ ಫೋನ್ ಮಾಡಿದೆ.

"ಡಬ್ಬಿ ಕೊಡ್ತೀರಾ?" ಎಂದಳು ಅಕ್ಕ.

"ಕೊಡ್ತೀವಿ. ಆದ್ರೆ ನನ್ನ ಪರಿಚಯ ಇದೆ ಅಂತ ತೋರಿಸ್ಕೋಬೇಡ. ಹೆಸ್ರು ಹಿಡಿದು ಕರೀಬೇಡ. ಸರ್ ಅನ್ನು."

"ಅಯ್ಯೋ, ಮೂಗು ಒರೆಸಿ ಬೆಳೆಸಿದ್ದೀನಿ, ನಿನ್ನ ಸಾರ್ ಅನ್ಬೇಕಾ? ಆಯ್ತು ಬಿಡು ಸಾರ್, ಬಂದೆ ಸಾರ್."

ಅವಳು ಬಂದು ಎಂಟನೆಯ ಕುರ್ಚಿಯಲ್ಲಿ ಕೂತಳು. ಮೊದಲ ಅರ್ಧ ಗಂಟೆ ನನ್ನ ಕಡೆ ನೋಡಿದಾಗೆಲ್ಲ ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಕ್ರಮೇಣ ಆ ನಗು ನಿಂತಿತು. ಉಳಿದ ಏಳು ಹೆಂಗಸರ ನಡುವೆ ಅವಳು ನಿಜಕ್ಕೂ ಪರಕೀಯಳಾಗಿಬಿಟ್ಟಳು, ನನ್ನನ್ನೂ ಪರಕೀಯನನ್ನಾಗಿ ಮಾಡಿಕೊಂಡಳು. ತಮ್ಮನಿಗೆ ಎಂದೂ ಹೇಳದಿದ್ದನ್ನು ಸಾರ್‌ಗೆ ಹೇಳುವಷ್ಟು.

ನನ್ನ ಪ್ರಶ್ನೆ ಕೇಳಿದೆ. ನಗೆ ಎದ್ದಿತು. ಒಬ್ಬರು ನೆನೆಸಿಟ್ಟ ಎಂಜಲು ಪಾತ್ರೆ ಎಂದರು. ಇನ್ನೊಬ್ಬರು ಹರಿದ ಮಸಿಬಟ್ಟೆ ಎಂದರು. "ನಮ್ಮತ್ತೇನ ಬಚ್ಚಿಡ್ಬೇಕು ಸಾರ್, ಜಾಗ ಇಲ್ಲ," ಎಂದು ದಪ್ಪನೆಯ ಹೆಂಗಸೊಬ್ಬರು ಹೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ಅಕ್ಕ ಹೇಳಿದಳು. ನನ್ನ ನೆನಪಿನ ಪ್ರಕಾರ ಅವಳು ಹೇಳಿದ್ದು ಇದು:

"ನಮ್ಮ ಕುಡಿಯೋ ನೀರಿನ ಬಿಂದಿಗೆ ಬಚ್ಚಿಡ್ತೀನಿ ಸಾರ್. ಬಂದೋರಿಗೆ ಕ್ಯಾನ್ ನೀರು ಕೊಡ್ತೀನಿ. ನಮ್ಗೆ, ಮಗೂಗೆ ಎಲ್ಲ ಬೋರ್ ನೀರೇ. ಒಂಥರಾ ಆಗುತ್ತೆ ಮನ್ಸಿಗೆ."

ಮನೆಗೆ ಬಂದವರಿಗೆ ಬಾಗಿಲಲ್ಲೇ ಒಂದು ಲೋಟ ನೀರು ಕೊಡುವುದು ನಮ್ಮಲ್ಲಿ ಎಲ್ಲ ಮನೆಯ ರೂಢಿ. ಕಾಫಿ ತಡವಾದರೂ ನಡೆಯುತ್ತದೆ, ನೀರು ತಡವಾಗಕೂಡದು. ಅಕ್ಕನ ಬೀದಿಗೆ ಆಗ ಕಾವೇರಿ ನೀರು ಬಂದಿರಲಿಲ್ಲ. ಬೋರ್‌ವೆಲ್ ನೀರು ಬಿಟ್ಟ ದಿನ ಹಿಡಿದಿಡಬೇಕು, ಸ್ಟೀಲ್ ಲೋಟದ ತಳದಲ್ಲಿ ಬಿಳಿ ಕಲೆ ಕೂರುತ್ತಿತ್ತು. ವ್ಯಾನಿನಲ್ಲಿ ಬರುವ ಕ್ಯಾನ್ ತಿಂಗಳಿಗೆ ಕೆಲವೇ ತೆಗೆದುಕೊಳ್ಳುತ್ತಿದ್ದರು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಕ್ಯಾನಿನದು ಯಾರಿಗೆ, ಬೋರಿನದು ಯಾರಿಗೆ ಎಂದು ನಾನು ಯಾವತ್ತೂ ಗಮನಿಸಿರಲಿಲ್ಲ.

ಗ್ರೂಪು ಮುಗಿದ ಮೇಲೆ ಪಕ್ಕದ ರೂಮಿನಿಂದ ಬಾಸ್ ಹೊರಬಂದು ನನ್ನ ಬೆನ್ನು ತಟ್ಟಿದರು. "ಆ ಕೊನೇ ಹೆಂಗಸು ಯಾರು ಗುರು? ಚಿನ್ನ." ನಾನು ಗೊತ್ತಿಲ್ಲ ಎಂದೆ. ಅಂದು ರಾತ್ರಿ ವರದಿ ಬರೆದೆ, ಇಂಗ್ಲಿಷಿನಲ್ಲಿ. ಅಕ್ಕನ ಮಾತನ್ನು ಒಂದು ಸಾಲಿಗೆ ಇಳಿಸಿದೆ.

ಕೆಲವು ತಿಂಗಳ ನಂತರ ಹೆಬ್ಬಾಳದ ಮೇಲ್ಸೇತುವೆ ಇಳಿಯುವಲ್ಲಿ ಆ ಹೋರ್ಡಿಂಗ್ ಎದ್ದಿತು. ಒಂದು ಕಡೆ ಟ್ರೇಯಲ್ಲಿ ಹೊಳೆಯುವ ಗಾಜಿನ ಲೋಟ. ಇನ್ನೊಂದು ಕಡೆ ಪ್ಲಾಸ್ಟಿಕ್ ಲೋಟ ಹಿಡಿದ ಹುಡುಗಿ, ಎರಡು ಜಡೆ. ನಡುವೆ ಒಂದೇ ಸಾಲು: "ನೆಂಟರಿಗೊಂದು ನೀರು, ಮಗುವಿಗೊಂದು ನೀರಾ?" ಬಸ್ಸಿನ ಕಿಟಕಿಯಲ್ಲಿ ಅದನ್ನು ನೋಡಿ ನನಗೆ ಹೆಮ್ಮೆಯಾಯಿತು ಎಂದು ಹೇಳಲೇಬೇಕು. ಅಕ್ಕನಿಗೆ ಹೇಳೋಣ ಎಂದುಕೊಂಡೆ. ಹೇಳಲಿಲ್ಲ.

ಅಕ್ಕನ ಮಗಳಿಗೆ ಕಾಮಾಲೆಯಾದದ್ದು ಆ ಜಾಹೀರಾತು ಟಿವಿಯಲ್ಲಿ ಬರುತ್ತಿದ್ದ ದಿನಗಳಲ್ಲೇ. ಕಣ್ಣು ಅರಿಶಿನ, ಉಗುರು ಅರಿಶಿನ. ಆಸ್ಪತ್ರೆಗೂ ತೋರಿಸಿದರು, ಬಾಗಲೂರು ಕಡೆಯ ಒಬ್ಬ ಅಜ್ಜಿ ಕೊಡುವ ಸೊಪ್ಪಿನ ರಸವನ್ನೂ ಕುಡಿಸಿದರು. ನಾನು ಎಳನೀರು ಹಿಡಿದು ಹೋದೆ. ಮಗು ಹಾಲಿನಲ್ಲಿ ಚಾಪೆಯ ಮೇಲೆ ಮಲಗಿ ಕಾರ್ಟೂನ್ ನೋಡುತ್ತಿತ್ತು, ಅಕ್ಕ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದಳು. ಕಾರ್ಟೂನಿನ ನಡುವೆ ಜಾಹೀರಾತು ಬಂತು. ಎರಡು ಜಡೆಯ ಹುಡುಗಿ ಪ್ಲಾಸ್ಟಿಕ್ ಲೋಟ ಎತ್ತಿ ಅಮ್ಮನ ಕಡೆ ನೋಡುತ್ತಾಳೆ. ಹೆಂಗಸಿನ ಧ್ವನಿ ಮೆಲ್ಲಗೆ ಆ ಸಾಲನ್ನು ಕೇಳುತ್ತದೆ.

ಅಕ್ಕ ಒತ್ತುವುದನ್ನು ನಿಲ್ಲಿಸಿದಳು. ಎದ್ದು ಟಿವಿ ಆರಿಸಿ ಅಡುಗೆಮನೆಗೆ ಹೋದಳು. ಮಗು ಕಾರ್ಟೂನ್ ಬೇಕು ಎಂದು ಅತ್ತಿತು. ನಾನು ಹಿಂದೆಯೇ ಹೋದೆ. ಅವಳು ಸಿಂಕಿನ ಮುಂದೆ ನಿಂತಿದ್ದಳು.

"ನಾನೇ ಮಾಡಿದ್ದು ಕಣೋ," ಎಂದಳು. "ಯಾರ್ಯಾರಿಗೋ ಒಳ್ಳೇ ನೀರು ಕೊಟ್ಟು ನನ್ನ ಮಗೂಗೆ ಕೆಟ್ಟ ನೀರು ಕುಡಿಸ್ದೆ."

ಅವಳು ನನ್ನನ್ನು ದೂರುತ್ತಾಳೆ ಎಂದುಕೊಂಡಿದ್ದೆ. ಆ ಮಾತು ತನ್ನ ಬಾಯಿಂದ ಜಾಲಹಳ್ಳಿಯ ಆ ಹಾಲಿನಲ್ಲಿ ಹೊರಟದ್ದು ಎಂಬುದು ಅವಳಿಗೆ ಹೊಳೆದಂತೆಯೇ ಕಾಣಲಿಲ್ಲ. ಟಿವಿಗೆ ತನ್ನ ಗುಟ್ಟು ಗೊತ್ತಾಗಿದೆ ಎಂಬಂತೆ ನಿಂತಿದ್ದಳು. ಹೊರಗಿನವರು ಹೇಳಿದ್ದರೆ ಜಗಳವಾಡುತ್ತಿದ್ದಳು. ಅವಳದೇ ಮಾತು ಅವಳಿಗೇ ವಾಪಸು ಬಂದಾಗ ಜಗಳವಾಡಲು ಎದುರಿಗೆ ಯಾರೂ ಇರಲಿಲ್ಲ. ನಾನು ಆಗ ಬಾಯಿ ಬಿಡಬೇಕಿತ್ತು. "ಎಳನೀರು ಕುಡಿಸು," ಎಂದು ಹೇಳಿ ಹೊರಟೆ.

ಮಗು ಹುಷಾರಾಯಿತು. ಯಂತ್ರ ಮನೆಗೆ ಬಂತು. ಅದು ಒಂದು ಲೋಟ ಒಳ್ಳೆಯ ನೀರು ಕೊಡುವಾಗ ಅದಕ್ಕಿಂತ ಹೆಚ್ಚು ನೀರನ್ನು ಇನ್ನೊಂದು ಸಣ್ಣ ಪೈಪಿನಿಂದ ಆಚೆ ಬಿಡುತ್ತದೆ, ಉಪ್ಪು ಗಿಪ್ಪು ಎಲ್ಲ ಅದರಲ್ಲೇ. ಅಕ್ಕ ಆ ಪೈಪಿಗೆ ಒಂದು ನೀಲಿ ಬಕೆಟ್ ಇಟ್ಟಿದ್ದಳು. ಪಾತ್ರೆ ತೊಳೆಯಲು, ನೆಲ ಒರೆಸಲು ಆಗುತ್ತದೆ ಎಂದಿದ್ದಳು. ಭಾವ ಬಂದವರಿಗೆಲ್ಲ ಯಂತ್ರ ತೋರಿಸುತ್ತಿದ್ದರು. "ಈಗ ನೋಡಯ್ಯ, ನೆಂಟ್ರಿಗೂ ಅದೇ, ನಮ್ಗೂ ಅದೇ. ಇಂಗಿರ್ಬೇಕು," ಎನ್ನುತ್ತಿದ್ದರು.

ನಾನು ಆ ಕೆಲಸ ಬಿಟ್ಟೆ. ಒಂದು ಕಡೆ ನಿಲ್ಲುವ ಸ್ವಭಾವ ನನ್ನದಲ್ಲ, ಅದನ್ನು ಆತ್ಮಸಾಕ್ಷಿ ಎಂದು ಕರೆದುಕೊಂಡು ಬಿಟ್ಟೆ. ಎರಡು ಮೂರು ಕಡೆ ಅಲೆದು ಕೊನೆಗೆ ಹೆಬ್ಬಾಳದ ಹತ್ತಿರ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಗ್ರಾಹಕರ ವರ್ತನೆ ನನ್ನ ವಿಷಯ. ಪ್ರತಿ ವರ್ಷ ಆ ಎಂಟನೆಯ ಕುರ್ಚಿಯ ಕಥೆ ಹೇಳುತ್ತಿದ್ದೆ. ಅಕ್ಕ ಎಂದು ಹೇಳುತ್ತಿರಲಿಲ್ಲ, ಒಬ್ಬ ಗೃಹಿಣಿ ಎನ್ನುತ್ತಿದ್ದೆ. ಆಸೆ ಹೇಗೆ ಅಗತ್ಯವಾಗುತ್ತದೆ ನೋಡಿ, ಎನ್ನುತ್ತಿದ್ದೆ. ಅವಳಿಗೆ ಬೇಕಾಗಿದ್ದದ್ದು ನಾಲ್ಕು ಜನರ ಮುಂದೆ ಮರ್ಯಾದೆ. ಅದಕ್ಕೆ ಜಾಹೀರಾತಿನವರು ಮಗುವಿನ ಲೋಟವನ್ನು ಗಂಟು ಹಾಕಿದರು. ಮರ್ಯಾದೆ ಇಲ್ಲದೆ ಬದುಕಬಹುದು, ಮಗುವಿನ ಆರೋಗ್ಯ ಇಲ್ಲದೆ ಬದುಕುವುದು ಹೇಗೆ? ಹುಡುಗರು ಬರೆದುಕೊಳ್ಳುತ್ತಿದ್ದರು. "ಸರ್, ಸೂಪರ್ ಸರ್," ಎನ್ನುತ್ತಿದ್ದರು. ಹೇಳಿ ಹೇಳಿ ಕಥೆ ನುಣುಪಾಯಿತು. ಸೆರಗು ಬಂದದ್ದು ಯಾವುದೋ ಒಂದು ವರ್ಷದ ತರಗತಿಯಲ್ಲಿ ಎಂದು ಈಗ ಅನಿಸುತ್ತದೆ.

ಹೀಗೆ ವರ್ಷಗಳು ಹೋದವು. ಅಕ್ಕ ಸೊರಗಿದಳು. ಬೆನ್ನು ನೋವು ಎನ್ನುತ್ತಿದ್ದಳು, ಎಲ್ಲ ಹೆಂಗಸರಿಗೂ ಬೆನ್ನು ನೋವು ಎಂದು ನಾವು ಸುಮ್ಮನಿದ್ದೆವು. ಒಂದು ಬೆಳಿಗ್ಗೆ ನೋವು ತಡೆಯಲಾರದೆ ನೆಲದ ಮೇಲೆ ಹೊರಳಾಡಿದಳು. ಯಶವಂತಪುರದ ಆಸ್ಪತ್ರೆಗೆ ಸೇರಿಸಿದೆವು. ಎರಡೂ ಕಡೆ ಕಲ್ಲು. ಬಲಗಡೆಯ ಕಿಡ್ನಿಗೆ ಏಟು ಬಿದ್ದಿದೆ ಎಂದರು. ಯಾವ ನೀರು ಕುಡಿಯುತ್ತೀರಮ್ಮ ಎಂದು ಡಾಕ್ಟರು ಕೇಳಿದಾಗ ಫಿಲ್ಟರ್ ಇದೆ ಸಾರ್ ಎಂದಳು. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು.

ಮನೆಗೆ ಬಂದ ಮೂರನೆಯ ದಿನ ನಾನು ನೋಡಲು ಹೋಗಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಕ್ಕ ನನ್ನ ಕಡೆ ಬೆನ್ನು ಮಾಡಿ ಬಗ್ಗಿ ನೀಲಿ ಬಕೆಟ್ಟಿನಿಂದ ಒಂದು ಲೋಟ ನೀರು ಮೊಗೆದಳು. ಗಿಡಕ್ಕೆ ಹಾಕುತ್ತಾಳೆ ಎಂದುಕೊಂಡೆ. ಮಾತ್ರೆ ಬಾಯಿಗೆ ಹಾಕಿಕೊಂಡು ಆ ನೀರು ಕುಡಿದಳು.

"ಅಕ್ಕ, ಅದು ವೇಸ್ಟ್ ನೀರು."

ಬೆಚ್ಚಿ ತಿರುಗಿದಳು. "ಗೊತ್ತು."

"ಎಷ್ಟು ದಿನದಿಂದ ಕುಡೀತಿದ್ದೀಯ?"

"ಮಿಷನ್ ಬಂದಾಗಿಂದ."

"ತಲೆ ಕೆಟ್ಟಿದ್ಯಾ ನಿಂಗೆ? ಭಾವಂಗೆ ಗೊತ್ತಾ?"

"ಕೂಗ್ಬೇಡ ಕಣೋ, ಅವ್ಳು ಓದ್ತಿದ್ದಾಳೆ." ಲೋಟ ತೊಳೆದು ಬೋರಲು ಹಾಕಿದಳು. ಆಮೇಲೆ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವ ಧ್ವನಿಯಲ್ಲಿ ಹೇಳಿದಳು. "ಅವ್ಳಿಗೆ ಕೆಟ್ಟ ನೀರು ಕೊಟ್ಟು ಸಾಯೋ ಹಂಗೆ ಮಾಡ್ದೋಳು ನಾನು. ಒಳ್ಳೇದು ಅವ್ಳಿಗಿರ್ಲಿ. ನಂಗೆ ಇದು ಸಾಕು."

ನಾನು ಎಲ್ಲ ಹೇಳಿದೆ. ಆ ಗ್ರೂಪು, ನನ್ನ ಪ್ರಶ್ನೆ, ನನ್ನ ವರದಿ, ಆ ಸಾಲು. ಅದು ನಿನ್ನ ತಪ್ಪಲ್ಲ, ನಾವು ಮಾಡಿದ್ದು, ಯಂತ್ರ ಮಾರಲು ಕಟ್ಟಿದ ಮಾತು ಎಂದೆ. ಕಾಲು ಹಿಡಿಯುತ್ತೇನೆ, ಕುಡಿಯಬೇಡ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೋರ್ಡ್ ಮೇಲೆ ಬರ್ದಿದ್ದು ನೀನಿರ್ಬೋದು. ಹೇಳಿದ್ದು ನಾನು ತಾನೆ? ಹೇಳೋಕ್ ಮುಂಚೆ ಮಾಡಿದ್ದೂ ನಾನು ತಾನೆ?"

ಡಾಕ್ಟರಿಗೆ ವಿಷಯ ಹೇಳಿದೆ. ಇದೇ ಕಾರಣ ಎಂದು ಹೇಳಲಾಗುವುದಿಲ್ಲ, ಆದರೆ ನಿಲ್ಲಿಸಲೇಬೇಕು, ಇನ್ನೊಂದು ಕಿಡ್ನಿಯನ್ನಾದರೂ ಉಳಿಸಿಕೊಳ್ಳಬೇಕು ಎಂದರು. ಭಾವ ಬಕೆಟ್ಟನ್ನು ಹಿತ್ತಲಿಗೆ ಎಸೆದರು. ಮರುದಿನ ಅದೇ ಪೈಪಿಗೆ ಒಂದು ಪಾತ್ರೆ ಇತ್ತು. ಅವಳನ್ನು ಎಷ್ಟು ಹೊತ್ತು ಕಾಯುವುದು? ಮನೆಯಲ್ಲಿ ಹಗಲೆಲ್ಲ ಅವಳೊಬ್ಬಳೇ. ನಾನು ದಿನಕ್ಕೆ ಎರಡು ಸಲ ಫೋನ್ ಮಾಡಿ ಯಾವ ನೀರು ಕುಡಿದೆ ಎಂದು ಕೇಳತೊಡಗಿದೆ. ಫಿಲ್ಟರ್ ನೀರು ಎನ್ನುತ್ತಿದ್ದಳು. ಅವಳ ಮಾತನ್ನು ನಂಬಲು ನನಗೆ ಆಗುತ್ತಿರಲಿಲ್ಲ. ಮನಸ್ಸನ್ನು ತಿರುಗಿಸುವ ವಿದ್ಯೆ ಕಲಿತು ಅದರಲ್ಲೇ ಹೊಟ್ಟೆ ಹೊರೆದವನು ಒಂದು ಮನಸ್ಸನ್ನು ಮರಳಿ ತಿರುಗಿಸಲು ಆಗದೆ ಫೋನ್ ಹಿಡಿದು ಕೂತಿದ್ದೆ.

ಒಂದು ಭಾನುವಾರ ಅಕ್ಕನ ಮಗಳನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ. ಅವಳು ಆಗ ಪಿಯುಸಿ. ಅಮ್ಮ ನಿನಗೆ ಬೋರ್ ನೀರು ಕೊಡುತ್ತಿದ್ದದ್ದು ನೆನಪಿದೆಯಾ ಎಂದೆ.

"ಯಾರ್ ಹೇಳಿದ್ದು ಮಾಮ? ಕ್ಯಾನ್ ನೀರು ನಂಗೇ. ನೆಂಟ್ರು ಬಂದ್ರೆ ಅಮ್ಮ ಕ್ಯಾನ್ ತಗೊಂಡ್ ಹೋಗಿ ಮಂಚದ ಕೆಳ್ಗೆ ತಳ್ತಿದ್ರು, ಎಲ್ಲಿ ಕೇಳ್ಬಿಡ್ತಾರೋ ಅಂತ. ಒಂದ್ಸಲ ನಾನು ಅದನ್ನ ಎಳ್ಕೊಂಡು ಹಾಲಿಗೆ ಬಂದು ಏಟು ತಿಂದಿದ್ದೀನಿ."

"ನೆಂಟರಿಗೆ?"

"ಅವ್ರಿಗೆ ಬೋರ್ ನೀರು. ಕಾಯಿಸಿದ್ದು."

ಅಂದರೆ ಅಕ್ಕ ಅಂದು ಕ್ಯಾನ್ ಬಚ್ಚಿಡುತ್ತೇನೆ ಎಂದಿರಬಹುದು. ಬಂದವರಿಗೆ ಕ್ಯಾನ್ ನೀರು ಕೊಡದ ಬಗ್ಗೆ ಅವಳಿಗೆ ಒಂಥರಾ ಆಗಿರಬಹುದು. ಅದನ್ನು ತಲೆಕೆಳಗು ಮಾಡಿದ್ದು ವರದಿ ಬರೆಯುವಾಗ ನಾನೇ ಇರಬಹುದು, ಬೇಕೆಂದೇ ಮಾಡಿದೆನೋ ನಿದ್ದೆಗಣ್ಣಿನಲ್ಲೋ. ಇಲ್ಲವೇ ಜಾಹೀರಾತು ಬರೆದವರು. ಆಮೇಲೆ ಟಿವಿ ನೋಡಿ ನೋಡಿ ಅಕ್ಕ, ಪಾಠ ಮಾಡಿ ಮಾಡಿ ನಾನು, ಇಬ್ಬರೂ ಅದನ್ನೇ ನಡೆದದ್ದು ಎಂದು ನೆನಪಿಟ್ಟುಕೊಂಡಿರಬಹುದು. ಆದರೆ ಏಳು ವರ್ಷದ ಮಗುವಿನ ನೆನಪನ್ನು ನಂಬುವುದು ಹೇಗೆ? ಅಮ್ಮನನ್ನು ಉಳಿಸಿಕೊಳ್ಳಲು ಅವಳೂ ಒಂದು ಕಥೆ ಕಟ್ಟಿಕೊಂಡಿರಬಹುದಲ್ಲ. ನನಗೂ ಅದು ನಿಜವಾಗಬೇಕು ಎಂದು ಆಸೆ. ಆಸೆ ಇದ್ದ ಕಡೆ ಸಾಕ್ಷಿಯನ್ನು ನಂಬಬಾರದು.

ಹಳೆಯ ಬಾಸ್ ಯಲಹಂಕ ನ್ಯೂಟೌನಿನಲ್ಲಿ ಮಗನ ಜೊತೆ ಇದ್ದರು. ಹೋಗಿ ಆ ಗ್ರೂಪಿನ ರೆಕಾರ್ಡಿಂಗ್ ಇದೆಯಾ ಎಂದು ಕೇಳಿದೆ.

"ಅದೆಲ್ಲ ಮನೆ ಖಾಲಿ ಮಾಡ್ಬೇಕಾದ್ರೆ ಗುಜರಿಗೆ ಹೋಯ್ತು ಗುರು. ಯಾಕೆ?"

ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ನಿಮ್ಮಕ್ಕ ಅಂತ ಗೊತ್ತಿರ್ಲಿಲ್ಲಪ್ಪ." ಮತ್ತೆ ಒರೆಸಿದರು. "ಆದ್ರೆ ಒಂದ್ ಮಾತು. ಅವ್ರು ಯಾವ ಕಡೆಯಿಂದ ಹೇಳಿದ್ರೂ ನಾವು ಈ ಕಡೆಗೇ ತಿರುಗಿಸ್ತಿದ್ವಿ. ನೆಂಟ್ರಿಗೆ ಬೋರ್ ನೀರು ಕೊಟ್ಟೆ ಅಂತ ಯಾವ ಹೆಂಗ್ಸು ಮಿಷನ್ ತಗೊಳ್ತಾಳೆ? ಮಗೂಗೆ ಕೊಟ್ಟೆ ಅಂದ್ರೇನೆ ತಗೊಳೋದು."

ಅದು ಸಾಕ್ಷಿಯಲ್ಲ. ಆದರೂ ಅಕ್ಕನ ಮುಂದೆ ಹೋಗಿ ಮಗಳು ಹೇಳಿದ್ದು, ಬಾಸ್ ಹೇಳಿದ್ದು ಎರಡನ್ನೂ ಹೇಳಿದೆ. ಮಗಳೂ ಪಕ್ಕದಲ್ಲಿ ಕೂತಿದ್ದಳು. ಅಕ್ಕ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮಂಚದ ಕೆಳಗೆ ಕ್ಯಾನ್ ತಳ್ಳಿದ್ದು ಅವಳಿಗೆ ನೆನಪಿರಲಿಲ್ಲ. ಅವಳಿಗೆ ನೆನಪಿದ್ದದ್ದು ಪ್ಲಾಸ್ಟಿಕ್ ಲೋಟ. ನಮ್ಮ ಮನೇಲಿ ಪ್ಲಾಸ್ಟಿಕ್ ಲೋಟ ಇರ್ಲೇ ಇಲ್ಲಮ್ಮ ಎಂದು ಮಗಳು ಅತ್ತಳು.

"ನಿಮ್ಗೂ ಸರಿಯಾಗಿ ಗೊತ್ತಿಲ್ಲ, ನಂಗೂ ಗೊತ್ತಿಲ್ಲ," ಎಂದಳು ಅಕ್ಕ. "ಇವ್ಳಿಗೆ ಕಾಮಾಲೆ ಆಗಿದ್ದು ಗೊತ್ತಲ್ಲ? ಅದೇನು ಸುಳ್ಳಾ? ನಾನು ಒಳ್ಳೇ ನೀರೇ ಕೊಟ್ಟಿದ್ರೆ ಅದು ಎಲ್ಲಿಂದ ಬಂತು? ಅದನ್ನ ಹೇಳು, ಇವತ್ತೇ ನಿಲ್ಲಿಸ್ತೀನಿ."

ಎಲ್ಲಿಂದಾದರೂ ಬರಬಹುದು ಎಂದೆ. ಎಲ್ಲಿಂದಾದರೂ ಎನ್ನುವುದು ಅವಳಿಗೆ ಸಾಲದು. ಒಂಬತ್ತು ವರ್ಷದಿಂದ ಅವಳ ಹತ್ತಿರ ಒಂದು ಉತ್ತರವಿತ್ತು, ಅದು ಗಟ್ಟಿಯಾಗಿತ್ತು, ಅದಕ್ಕೆ ದಂಡ ಎಂದು ಪ್ರತಿದಿನ ಆ ನೀರು ಕುಡಿಯುತ್ತಿದ್ದಳು. ಅದನ್ನು ಕಿತ್ತುಕೊಂಡು ಕೈಗೆ ಏನೂ ಕೊಡದೆ ನಾನು ಎದುರಿಗೆ ಕೂತಿದ್ದೆ. ಅಂದು ಮನೆಗೆ ಬರುವಾಗ ಹೆಬ್ಬಾಳದಲ್ಲಿ ಬಸ್ಸು ನಿಂತಿತ್ತು. ಆ ಹೋರ್ಡಿಂಗಿನ ಜಾಗದಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಚಿತ್ರ ಇತ್ತು. ನಾವೆಲ್ಲ ಕಾರಣವನ್ನು ಒಮ್ಮೆಯೂ ಹುಡುಕಲಿಲ್ಲವಲ್ಲ ಎಂದು ಆಗ ಹೊಳೆಯಿತು. ಜಾಹೀರಾತು ಕಾರಣವನ್ನು ಕೊಟ್ಟಿತ್ತು. ಅನುಮಾನಿಸುವುದೇ ಉದ್ಯೋಗವಾದ ನಾನು ಕೂಡ ಅದರಾಚೆ ಹೆಜ್ಜೆ ಇಟ್ಟಿರಲಿಲ್ಲ. ಮಗು ದಿನಕ್ಕೆ ಏಳು ಗಂಟೆ ಇರುತ್ತಿದ್ದದ್ದು ಮನೆಯಲ್ಲಲ್ಲ, ಶಾಲೆಯಲ್ಲಿ.

ಅವಳು ಓದಿದ ಶಾಲೆ ಅಕ್ಕನ ಮನೆಯಿಂದ ಎರಡು ಬೀದಿ ಆಚೆ. ಎರಡನೆಯ ಕ್ಲಾಸಿನ ಮಿಸ್ಸು ಇನ್ನೂ ಅಲ್ಲೇ ಇದ್ದರು, ಕೂದಲು ನರೆತಿತ್ತು. ಮೊದಲ ದಿನ ಹಳೆಯ ಹಾಜರಿ ಪುಸ್ತಕ ತೋರಿಸಲು ಹೆಡ್‌ಮಾಸ್ಟರು ಒಪ್ಪಲಿಲ್ಲ, ಯಾಕೆ, ಕೇಸು ಹಾಕ್ತೀರಾ ಎಂದರು. ಎರಡನೆಯ ದಿನ ಅಕ್ಕನನ್ನೇ ಕರೆದುಕೊಂಡು ಹೋದೆ. ಅವಳ ಮುಖ ನೋಡಿ ಮಿಸ್ಸು ತಾವೇ ಸ್ಟೋರ್ ರೂಮಿನ ಬೀಗ ತೆಗೆಸಿದರು. ಕಬ್ಬಿಣದ ಬೀರುವಿನಲ್ಲಿ ಹಳೆಯ ಹಾಜರಿ ಪುಸ್ತಕಗಳು ದಾರ ಕಟ್ಟಿಟ್ಟ ಹಾಗೇ ಇದ್ದವು. ಆ ವರ್ಷದ್ದನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು.

ಆ ತಿಂಗಳ ಪುಟವನ್ನು ನಾನು ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ಇದನ್ನು ಬರೆಯುವ ಮೊದಲು ಮತ್ತೆ ನೋಡಿದೆ. ಅಕ್ಕನ ಮಗಳ ಹೆಸರಿನ ಮುಂದೆ ಸಾಲಾಗಿ ಗೈರು, ಅಂಚಿನಲ್ಲಿ ಮಿಸ್ಸಿನ ಕೈಬರಹದಲ್ಲಿ ಜಾಂಡೀಸ್. ಅದೇ ಪುಟದಲ್ಲಿ, ಅದೇ ಎರಡು ವಾರಗಳಲ್ಲಿ, ಇನ್ನೂ ಐದು ಮಕ್ಕಳ ಹೆಸರಿನ ಮುಂದೆ ಅದೇ ಗೈರು, ಅಂಚಿನಲ್ಲಿ ಅದೇ ಪದ. ಅಕ್ಕ ಆ ಐದು ಹೆಸರುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ಇವರ ಮನೆ ಎಲ್ಲಿ ಎಂದು ಮಿಸ್ಸನ್ನು ಕೇಳಿದಳು. ಆ ಐದು ಮಕ್ಕಳಲ್ಲಿ ಒಬ್ಬರೂ ಅಕ್ಕನ ಮನೆಯ ನೀರು ಕುಡಿದವರಲ್ಲ.